ತಾಳದ ಬಿರುಕು: ಒಂದು ಐತಿಹಾಸಿಕ ವಿವೇಚನೆ

ಮುಂಬಯಿಯ ಪಶ್ಚಿಮ ಉಪನಗರಗಳಲ್ಲಿ ವಿಲೆ ಪಾರ್ಲೆಯು ವಿದ್ಯೆ, ಸಭೆ, ಸಂಗೀತಗಳ ಊರೆಂದು ಬಹುಕಾಲದಿಂದ ಹೆಸರು ಪಡೆದಿದೆ. ೧೯೨೧ರಲ್ಲಿ ಪಾರ್ಲೆ ಟಿಳಕ ವಿದ್ಯಾಲಯವೂ ೧೯೨೩ರಲ್ಲಿ ಲೋಕಮಾನ್ಯ ಸೇವಾ ಸಂಘವೂ ಇಲ್ಲಿ ಸ್ಥಾಪಿತವಾದುವು. ೧೯೩೦ರ ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಇಲ್ಲಿಯ ಛಾವಣಿ ಪ್ರಸಿದ್ಧವಾಗಿತ್ತು. ಈ ಮರಾಠಿ ನೆರೆಹೊರೆಯ ನಡುವೆ ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಹಳೆಯ ಮೈಸೂರು ಸೀಮೆಯಿಂದಲೂ ಬಂದ ಕನ್ನಡ ಕುಟುಂಬಗಳು ನೆಲೆಸಿದುವು. ಅವು ಊರಿನಿಂದ ತಂದ ಸಾಮಾನುಗಳಲ್ಲಿ ಒಂದು ಜೊತೆ ತಾಳ ತೀರ ಚಿಕ್ಕದು. ಆದರೆ ಮನೆಯ ಭಜನೆಗೂ, ಮಂಡಳಿಯ ಏಕಾಹಕ್ಕೂ, ಯಕ್ಷಗಾನದ ಹಿಮ್ಮೇಳಕ್ಕೂ ಅದಿಲ್ಲದೆ ನಡೆಯದು. ಪಾರ್ಲೆಯ ಉತ್ತರದ ಅಂಚಿಗೆ ತಾಗಿಕೊಂಡ ಇರ್ಲಾದಲ್ಲಿ ಉಡುಪಿಯ ಅದಮಾರು ಮಠದ ಶಾಖೆಯಿದೆ. ದಕ್ಷಿಣಕ್ಕೆ ಸಾಂತಾಕ್ರೂಜಿನಲ್ಲಿ ಪೇಜಾವರ ಮಠದ ಶಾಖೆಯಿದೆ. ನೆರೆಯ ಮರಾಠಿ ಮನೆಗಳಲ್ಲಿ ಗಣಪತಿಯ ಆರತಿಗೆ ಝಾಂಜ್, ವಾರಕರಿ ಭಜನೆಗೆ ಟಾಳ್. ಬೆಳಗಿನ ಉಪನಗರ ರೈಲಿನಲ್ಲಿ ಕಚೇರಿಗೆ ಹೋಗುವವರ ಭಜನೆಗೂ ಅದೇ ಟಾಳ್. ಹೀಗೆ ಒಂದೇ ಲೋಹದ ನಾದ ಎರಡು ಭಾಷೆಗಳ ಜನರನ್ನು ಒಂದೇ ಬೀದಿಯಲ್ಲಿ ಕೂಡಿಸಿದೆ.

ಈ ತಾಳ ಬಿರುಕು ಬಿಟ್ಟಾಗ ಅದನ್ನೇನು ಮಾಡಬೇಕು? ಪ್ರಶ್ನೆ ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಬಹುದು. ಪಾತ್ರೆ ಒಡೆದರೆ ಬೇರೆ ಪಾತ್ರೆ ಕೊಳ್ಳುವಂತೆ ತಾಳ ಒಡೆದರೆ ಬೇರೆ ತಾಳ ಕೊಳ್ಳಬಹುದಲ್ಲವೆ ಎಂಬುದು ಸಹಜವಾದ ಉತ್ತರ. ಆದರೆ ಪಾತ್ರೆಗೆ ಅಳತೆಯುಂಟೇ ಹೊರತು ಶ್ರುತಿಯಿಲ್ಲ, ತಾಳಕ್ಕೆ ಶ್ರುತಿಯುಂಟು. ಎರಡು ಮೂರು ತಲೆಮಾರುಗಳ ಕೈಯಲ್ಲಿ ಪಳಗಿದ ಜೊತೆಯ ನಾದ ಅಂಗಡಿಯಲ್ಲಿ ದೊರೆಯುವುದಿಲ್ಲ. ಒಡೆದ ಕಂಚಿಗೆ ಇತಿಹಾಸದಲ್ಲಿ ಮೂರು ದಾರಿಗಳು ಕಾಣಬರುತ್ತವೆ. ಮೂಸೆಗೆ ಹಾಕಿ ಕರಗಿಸುವುದು ಒಂದು, ಬೆಸೆಯುವುದು ಎರಡನೆಯದು, ಬಿರುಕನ್ನು ಕೂಡಿಸದೆಯೇ ಅದು ಮುಂದುವರಿಯದಂತೆ ತಡೆಯುವುದು ಮೂರನೆಯದು. ಮೊದಲನೆಯದು ಅತಿ ಪ್ರಾಚೀನ, ಎರಡನೆಯದು ಅತಿ ಜನಪ್ರಿಯ, ಮೂರನೆಯದು ಅತಿ ಕಡಮೆ ಪರಿಚಿತ. ಆದರೆ ಹಳೆಯ ತಾಳವನ್ನು ತಾಳವಾಗಿಯೇ ಉಳಿಸುವ ದಾರಿ ಮೂರನೆಯದೊಂದೇ ಎಂಬುದು ಲೋಹದ ಗುಣವನ್ನೂ ಇತಿಹಾಸದ ಸಾಕ್ಷ್ಯವನ್ನೂ ಒಟ್ಟಿಗಿಟ್ಟು ನೋಡಿದಾಗ ಸ್ಪಷ್ಟವಾಗುತ್ತದೆ.

ಮೊದಲು ಹೆಸರನ್ನೂ ಲೋಹವನ್ನೂ ನೋಡಬೇಕು. ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕಾಗಿ ವಿಂಗಡಿಸಿ ತಾಳವನ್ನು ಘನವಾದ್ಯಗಳಲ್ಲಿ ಸೇರಿಸಿತು. ತಂತಿಯಾಗಲಿ ತೊಗಲಾಗಲಿ ಗಾಳಿಯಾಗಲಿ ಇಲ್ಲದೆ ವಸ್ತುವಿನ ಮೈಯೇ ನುಡಿಯುವ ವಾದ್ಯವಿದು. ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತರತ್ನಾಕರ'ದ ವಾದ್ಯಾಧ್ಯಾಯದಲ್ಲಿ ತಾಳ, ಕಾಂಸ್ಯತಾಳ, ಘಂಟಾ, ಕ್ಷುದ್ರಘಂಟಾ, ಜಯಘಂಟಾ, ಕಮ್ರಾ, ಶುಕ್ತಿ, ಪಟ್ಟಗಳೆಂಬ ಎಂಟು ಘನವಾದ್ಯಗಳನ್ನು ಹೇಳುತ್ತಾನೆ. ಶಾರ್ಙ್ಗದೇವನು ಸಂಗೀತಶಾಸ್ತ್ರಜ್ಞನಾಗಿದ್ದಂತೆ ಆಸ್ಥಾನದ ಕರಣಾಧಿಕಾರಿಯೂ, ಎಂದರೆ ಲೆಕ್ಕಪತ್ರಗಳ ಮುಖ್ಯಸ್ಥನೂ ಆಗಿದ್ದನು. ಕನ್ನಡ ಮರಾಠಿಗಳೆರಡರಲ್ಲಿಯೂ ಶಾಸನ ಹೊರಡಿಸಿದ ಅರಸುಮನೆತನದ ಆಶ್ರಯದಲ್ಲಿ ಈ ಗ್ರಂಥ ಹುಟ್ಟಿತೆಂಬುದು ಎರಡು ಭಾಷೆಗಳ ನಡುವೆ ಬಾಳುವ ಮುಂಬಯಿಯ ಕನ್ನಡಿಗರಿಗೆ ಗಮನಾರ್ಹ. ಅವನು ಹೇಳಿದ 'ಕಾಂಸ್ಯತಾಳ' ಪದವೇ ಕನ್ನಡದ ನಾಲಗೆಯಲ್ಲಿ 'ಕಂಸಾಳೆ'ಯಾಗಿ, ಮಲೆಯ ಮಹದೇಶ್ವರನ ಗುಡ್ಡರ ಕೈಯಲ್ಲಿ ಇಂದಿಗೂ ಜೀವಂತವಾಗಿದೆ. ಬೇಲೂರು ಹಳೇಬೀಡುಗಳ ಶಿಲ್ಪಗಳಲ್ಲಿ ಮದ್ದಳೆಯವರ ಬದಿಯಲ್ಲಿ ತಾಳ ಹಿಡಿದವರೂ ನಿಂತಿದ್ದಾರೆ.

ಲೋಹದ ಪ್ರಮಾಣವನ್ನು ರಸಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಮಧ್ಯಯುಗದ 'ರಸರತ್ನಸಮುಚ್ಚಯ'ದಲ್ಲಿ ಕಂಚಿನ ಪಾಕ ಎಂಟು ಪಾಲು ತಾಮ್ರಕ್ಕೆ ಎರಡು ಪಾಲು ತವರ. ನಾಡಿನ ಹಲವೆಡೆಗಳ ಕಂಚುಗಾರರಲ್ಲಿ ನೂರಕ್ಕೆ ಎಪ್ಪತ್ತೆಂಟು ತಾಮ್ರ, ಇಪ್ಪತ್ತೆರಡು ತವರವೆಂಬ ಲೆಕ್ಕ ರೂಢಿಯಲ್ಲಿದೆ. ಇನ್ನೊಂದು ಮಗ್ಗುಲಿಗೆ, ೧೬೨೩ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಅರ್ಮೇನಿಯನ್ ಕುಶಲಿಗನೊಬ್ಬನು ಆರಂಭಿಸಿ, ೧೯೨೯ರಲ್ಲಿ ಅಮೆರಿಕಕ್ಕೆ ಸ್ಥಳಾಂತರಗೊಂಡ ಜಿಲ್ಜಿಯನ್ ಮನೆತನದ ಪ್ರಸಿದ್ಧ ಸಿಂಬಲ್‌ಗಳ ಪಾಕವೂ ಎಂಬತ್ತಕ್ಕೆ ಇಪ್ಪತ್ತು. ಒಬ್ಬರನ್ನೊಬ್ಬರು ಕಾಣದ ಕುಶಲಿಗರು ಒಂದೇ ಪ್ರಮಾಣದಲ್ಲಿ ಬಂದು ನಿಂತದ್ದು ಆಕಸ್ಮಿಕವಲ್ಲ. ತವರ ಕಡಮೆಯಾದರೆ ಕಂಚು ಮೆತ್ತಗಾಗಿ ನಾದ ಮಂಕಾಗುತ್ತದೆ. ಹೆಚ್ಚಾದರೆ ಗಾಜಿನಂತೆ ಒಡೆಯುತ್ತದೆ. ನೂರಕ್ಕೆ ಮೂವತ್ತಮೂರರಷ್ಟು ತವರವಿರುವ ಕೇರಳದ ಆರನ್ಮುಳದ ಲೋಹಕನ್ನಡಿ ಅಂದವಾಗಿ ಹೊಳೆಯುತ್ತದೆ, ಆದರೆ ಪೆಟ್ಟು ತಾಳುವುದಿಲ್ಲ. ತಾಳದ ಲೋಹವು ನಾದಕ್ಕೂ ಒಡಕಿಗೂ ನಡುವಿನ ಕಿರಿದಾದ ಗಡಿಯಲ್ಲಿ ನಿಂತಿದೆ. 'ಕಂಚಿನ ಕಂಠ'ವೆಂಬ ಹೊಗಳಿಕೆಗೆ ಕಾರಣವಾದ ತವರವೇ ಬಿರುಕಿಗೂ ಕಾರಣ.

ಈ ಲೋಹದ ಮತ್ತೊಂದು ಗುಣ ಅದರ ತಾಪದ ನೆನಪು. ತವರ ಹೆಚ್ಚಿರುವ ಕಂಚನ್ನು ಕೆಂಪಗೆ ಕಾಸಿದಾಗ, ಸುಮಾರು ೫೮೬ರಿಂದ ೭೯೮ ಡಿಗ್ರಿ ಸೆಂಟಿಗ್ರೇಡಿನ ನಡುವೆ, ಅದರ ಒಳರಚನೆ ಬದಲಾಗಿ ಲೋಹ ಸುತ್ತಿಗೆಗೆ ಬಾಗುತ್ತದೆ. ಆ ಸ್ಥಿತಿಯಲ್ಲಿಯೇ ನೀರಿಗೆ ಅದ್ದಿ ಥಟ್ಟನೆ ತಣಿಸಿದರೆ ಆ ರಚನೆ ನಿಂತುಬಿಡುತ್ತದೆ. ನಿಧಾನವಾಗಿ ತಣಿಯಬಿಟ್ಟರೆ ಒಳಗೆ ಗಡುಸಾದ, ಒಡೆಯುವ ಕಣಗಳು ಕೂಡುತ್ತವೆ. ಕಬ್ಬಿಣವನ್ನು ಥಟ್ಟನೆ ತಣಿಸಿದರೆ ಪೆಡಸಾಗುವುದು ಎಲ್ಲರಿಗೂ ಗೊತ್ತು. ಕಂಚಿನ ಧರ್ಮ ಇದಕ್ಕೆ ವಿರುದ್ಧ. ಈ ರಹಸ್ಯ ದಕ್ಷಿಣ ಭಾರತಕ್ಕೆ ಬಹು ಹಿಂದೆಯೇ ತಿಳಿದಿತ್ತು. ತಮಿಳುನಾಡಿನ ಆದಿಚ್ಚನಲ್ಲೂರು, ನೀಲಗಿರಿಯ ಸಮಾಧಿಗಳು, ವಿದರ್ಭದ ಮಹುರ್ಝರಿ ಮುಂತಾದೆಡೆ ದೊರೆತ ತೆಳುವಾದ ಪಾತ್ರೆಗಳು ತವರ ಹೆಚ್ಚಿರುವ ಕಂಚಿನವು. ಆದಿಚ್ಚನಲ್ಲೂರು ಮತ್ತು ನೀಲಗಿರಿಯ ಪಾತ್ರೆಗಳನ್ನು ಬೆಂಗಳೂರಿನ ವಿದ್ವಾಂಸೆ ಶಾರದಾ ಶ್ರೀನಿವಾಸನ್ ಅವರು ಪರಿಶೀಲಿಸಿ, ಅವು ಕಾಯಿಸಿ ಬಡಿದು ನೀರಿನಲ್ಲಿ ತಣಿಸಿದವೆಂದು ತೋರಿಸಿಕೊಟ್ಟಿದ್ದಾರೆ. ಭಜನೆಯ ದಪ್ಪ ತಾಳಗಳು ಬಹುಮಟ್ಟಿಗೆ ಎರಕದವು, ಅಗಲವಾದ ಝಾಂಜ್ ಮತ್ತು ಪಾಶ್ಚಾತ್ಯ ಸಿಂಬಲ್‌ಗಳು ಬಡಿದು ತೆಳುಗೊಳಿಸಿದವು ಎಂಬ ಭೇದವನ್ನು ಇಲ್ಲಿ ನೆನಪಿಡಬೇಕು. ದುರಸ್ತಿಯ ಮಾತು ಬಂದಾಗ ಇದು ಮುಖ್ಯವಾಗುತ್ತದೆ.

ಬಿರುಕು ಹುಟ್ಟುವ ಬಗೆ ಹಲವು. ಕಲ್ಲುನೆಲದ ಮೇಲೆ ಬಿದ್ದ ತಾಳ ಅಂಚಿನಿಂದ ಒಳಮುಖವಾಗಿ ಸೀಳುತ್ತದೆ. ನಡುವಿನ ಗುಬುಟಿನ ರಂಧ್ರದಲ್ಲಿ ನೂಲಿನ ಹುರಿಯ ಬದಲು ತಂತಿ ಸುತ್ತಿದರೆ ಅದು ರಂಧ್ರವನ್ನು ತಿಂದು, ಬೀಗದ ಕೈಯ ಕಂಡಿಯ ಆಕಾರಕ್ಕೆ ತಂದು, ಅಲ್ಲಿಂದ ಬಿರುಕನ್ನು ಹೊರಡಿಸುತ್ತದೆ. ಎರಡು ಅಂಚುಗಳನ್ನು ನೇರವಾಗಿ ತಾಗಿಸಿ ಬಡಿಯುವ ಅಭ್ಯಾಸದಿಂದಲೂ ಒಡಕು ಬರುತ್ತದೆ; ನುರಿತವರು ತಾಳವನ್ನು ಸ್ವಲ್ಪ ಓರೆಯಾಗಿ ತಾಗಿಸಿ ಬಿಡುತ್ತಾರೆ. ಇವೆಲ್ಲಕ್ಕಿಂತ ವ್ಯಾಪಕವಾದ ಕಾರಣ ಬರಿಯ ದಣಿವು. ಕರಾವಳಿಯ ದೇವಸ್ಥಾನಗಳ ಭಜನಾ ಸಪ್ತಾಹದಲ್ಲಿ ಏಳು ಹಗಲು ಏಳು ರಾತ್ರಿ ತಾಳ ನಿಲ್ಲುವಂತಿಲ್ಲ. ಹಾಡುವವರು ಸರದಿಯಲ್ಲಿ ಬದಲಾಗುತ್ತಾರೆ, ಕೈಗಳು ಬದಲಾಗುತ್ತವೆ. ತಾಳ ಮಾತ್ರ ಅದೇ. ನಿಮಿಷಕ್ಕೆ ಅರುವತ್ತು ಪೆಟ್ಟಿನ ಲೆಕ್ಕ ಹಿಡಿದರೂ ಒಂದು ಏಕಾಹಕ್ಕೆ ೮೬,೪೦೦, ಒಂದು ಸಪ್ತಾಹಕ್ಕೆ ೬,೦೪,೮೦೦ ಪೆಟ್ಟುಗಳಾದುವು. ಯಾವೊಂದು ಪೆಟ್ಟೂ ತಾಳವನ್ನು ಒಡೆಯುವಷ್ಟು ದೊಡ್ಡದಲ್ಲ. ಆದರೆ ಎರಕದಲ್ಲಿ ಉಳಿದ ಗಾಳಿಗುಳ್ಳೆಯೋ ಅಂಚಿನ ಚಿಕ್ಕ ಗೀರೋ ಇದ್ದಲ್ಲಿ ಪ್ರತಿಯೊಂದು ಪೆಟ್ಟೂ ಅದನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳುತ್ತದೆ. ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಅದು ತಿಳಿಯುತ್ತದೆ. ಉದ್ದವಾಗಿ ಅಲೆಯುತ್ತಿದ್ದ ನಾದ ಮೊಟಕಾಗಿ ನಿಲ್ಲುತ್ತದೆ. ಬಿರುಕಿನ ಎರಡು ತುಟಿಗಳು ಒಂದನ್ನೊಂದು ಉಜ್ಜಿ ಗರಗರ ಸದ್ದು ಬೆರೆಯುತ್ತದೆ. ಆಗ ಜನ 'ದನಿ ಒಡೆದಿದೆ' ಎನ್ನುತ್ತಾರೆ.

ಹೀಗೆ ಒಡೆದ ತಾಳಕ್ಕೆ ಮೊದಲನೆಯ ದಾರಿ ಮೂಸೆ. ಇದರ ಹಿಂದೆ ಧರ್ಮಶಾಸ್ತ್ರವೂ ಅರ್ಥಶಾಸ್ತ್ರವೂ ಇವೆ. ಒಡೆದ ಪಾತ್ರೆಯಲ್ಲಿ ಉಣ್ಣಬಾರದೆಂದು ಮನುಸ್ಮೃತಿ ವಿಧಿಸುತ್ತದೆ. ಭಿನ್ನವಾದುದು ಮಂಗಳಕ್ಕೆ ಸಲ್ಲದೆಂಬ ಭಾವನೆ ಪೂಜೆಯ ಉಪಕರಣಗಳಿಗೂ ಹರಡಿತು. ಇನ್ನು ಅರ್ಥದ ವಿಷಯ. ಭಾರತದಲ್ಲಿ ತಾಮ್ರದ ಗಣಿಗಳು ಪ್ರಾಚೀನಕಾಲದಿಂದಲೂ ಉಂಟು. ತವರ ಮಾತ್ರ ಬಸ್ತರಿನ ಸುತ್ತ ಸ್ವಲ್ಪ ದೊರೆಯುವುದನ್ನು ಬಿಟ್ಟರೆ ವಿರಳ. ಮಲಯ ಮತ್ತು ಬಾಂಕಾ ದ್ವೀಪಗಳ ತವರ ಕಡಲ ದಾರಿಯಲ್ಲಿ ಬರಬೇಕಾಗಿತ್ತು. ಆದುದರಿಂದ ಒಡೆದ ಕಂಚು ಕಸವಾಗಿರಲಿಲ್ಲ, ನಾಣ್ಯಕ್ಕೆ ಸಮನಾದ ಆಸ್ತಿಯಾಗಿತ್ತು. ಹಳೆಯದನ್ನು ತೂಕಕ್ಕೆ ಕೊಟ್ಟು, ಮಜೂರಿ ತೆತ್ತು, ಹೊಸದನ್ನು ಪಡೆಯುವ ಪದ್ಧತಿ ಕರ್ನಾಟಕದ ಕಂಚುಗಾರರಲ್ಲಿಯೂ ಮಹಾರಾಷ್ಟ್ರದ ಕಾಸಾರರಲ್ಲಿಯೂ ಒಂದೇ ಬಗೆಯದು. ಮರಾಠಿಯಲ್ಲಿ ಇದಕ್ಕೆ 'ಮೋಡೀತ ಕಾಢಣೆ' ಎಂಬ ಮಾತಿದೆ. ಮುರುಕಿನ ಲೆಕ್ಕಕ್ಕೆ ಹಾಕುವುದೆಂಬ ಈ ನುಡಿ ಇಂದು ಹಳೆಯ ವಸ್ತುವನ್ನಾಗಲಿ ಪದ್ಧತಿಯನ್ನಾಗಲಿ ಕೈಬಿಡುವುದಕ್ಕೆಲ್ಲ ಸಲ್ಲುತ್ತದೆ. ಮುಂಬಯಿಯ ಪಾಯಧುನಿಯ ಬಳಿಯ ತಾಂಬಾ ಕಾಂಟಾ ಎಂಬ ಹೆಸರೇ ತಾಮ್ರವನ್ನು ತೂಗುತ್ತಿದ್ದ ತಕ್ಕಡಿಯನ್ನು ನೆನಪಿಗೆ ತರುತ್ತದೆ.

ಈ ಪದ್ಧತಿ ತಂಬಿಗೆ ಬಟ್ಟಲುಗಳಿಗೆ ನ್ಯಾಯವಾದುದು. ತಾಳಕ್ಕೆ ಅನ್ವಯಿಸಿದಾಗ ತಕ್ಕಡಿಗೆ ಕಾಣದ ನಷ್ಟವೊಂದು ಸಂಭವಿಸುತ್ತದೆ. ಯಕ್ಷಗಾನದ ಭಾಗವತರು ತಮ್ಮ ಕಂಠದ ಶ್ರುತಿಗೆ ಹೊಂದುವ ತಾಳವನ್ನು ಆರಿಸಿ, ಬೇರೆ ಬೇರೆ ಶ್ರುತಿಯ ಒಂದಕ್ಕಿಂತ ಹೆಚ್ಚು ಜೊತೆಗಳನ್ನು ಇಟ್ಟುಕೊಳ್ಳುವುದುಂಟು. ಜೊತೆಯ ಎರಡು ತಾಳಗಳ ಶ್ರುತಿಗಳೂ ಸಾಮಾನ್ಯವಾಗಿ ತೀರ ಒಂದೇ ಆಗಿರುವುದಿಲ್ಲ. ಆ ಅತಿಸೂಕ್ಷ್ಮ ಅಂತರದಿಂದಲೇ ನಾದದಲ್ಲಿ ಅಲೆ ಏಳುತ್ತದೆ. ಒಂದನ್ನು ಕರಗಿಸಿದರೆ ಇನ್ನೊಂದು ವಿಧುರವಾಗುತ್ತದೆ. ಎರಡನ್ನೂ ಕರಗಿಸಿ ಅದೇ ಲೋಹದಿಂದ ಎರೆದರೂ ಹಿಂದಿನ ದಪ್ಪ, ಬಾಗು, ಗುಬುಟಿನ ಆಳಗಳು ಮರಳುವುದಿಲ್ಲ; ಪ್ರತಿ ಕರಗಿಸುವಿಕೆಯಲ್ಲಿ ತವರದ ಒಂದಂಶ ಉರಿದುಹೋಗಿ ಪಾಕವೂ ಬದಲಾಗುತ್ತದೆ. ತಾಳದ ಮೈಮೇಲೆ ಸೇವಾರ್ಥಿಯ ಹೆಸರನ್ನೋ ಊರನ್ನೋ ಕನ್ನಡ ಅಕ್ಷರಗಳಲ್ಲಿ ಕೊರೆಸಿದ್ದರೆ ಆ ಪುಟ್ಟ ಶಾಸನವೂ ಮೂಸೆಯಲ್ಲಿ ಅಳಿಯುತ್ತದೆ. ಕಲ್ಲಿನ ಶಾಸನ ಒಡೆದರೆ ಅಚ್ಚು ತೆಗೆದು ಕಾಪಿಡುವ ನಾಡಿನಲ್ಲಿ ಕಂಚಿನ ಶಾಸನವನ್ನು ತೂಕಕ್ಕೆ ಕೊಡುವುದು ವಿಚಿತ್ರವಾದ ಮರವೆ.

ನಾದವುಳ್ಳ ಕಂಚನ್ನು ಕರಗಿಸಬಾರದೆಂಬ ವಿವೇಕಕ್ಕೆ ಪಾರ್ಲೆಯ ನೆಲದ ಇತಿಹಾಸವೇ ಒಂದು ನಿದರ್ಶನ ಕೊಡುತ್ತದೆ. ಪಾರ್ಲೆ ಸೇರಿರುವ ಸಾಷ್ಟಿ ದ್ವೀಪ ೧೭೩೭ರವರೆಗೂ ಪೋರ್ಚುಗೀಸರ ವಶದಲ್ಲಿತ್ತು. ೧೭೩೯ರಲ್ಲಿ ಚಿಮಾಜಿ ಅಪ್ಪಾನ ನಾಯಕತ್ವದಲ್ಲಿ ಮರಾಠರು ವಸಯಿ ಕೋಟೆಯನ್ನು ಗೆದ್ದಾಗ ಅಲ್ಲಿಯ ಚರ್ಚುಗಳ ಗಂಟೆಗಳು ವಿಜಯಚಿಹ್ನೆಗಳಾಗಿ ಮಹಾರಾಷ್ಟ್ರದ ದೇವಾಲಯಗಳಿಗೆ ಹೋದುವು. ನಾಸಿಕದ ನಾರೋಶಂಕರ ದೇವಾಲಯದ ಗಂಟೆಯೂ ವಾಯಿಯ ಬಳಿಯ ಮೆಣವಲಿಯ ಗಂಟೆಯೂ ಇವುಗಳಲ್ಲಿ ಪ್ರಸಿದ್ಧ. ಯುದ್ಧಕಾಲದಲ್ಲಿ ಗಂಟೆಯ ಲೋಹ ತೋಪಿನ ಎರಕಕ್ಕೆ ಒದಗುತ್ತಿತ್ತೆಂಬುದು ಲೋಕದ ಇತಿಹಾಸದಲ್ಲಿ ಸಾಮಾನ್ಯ. ಆದರೂ ಈ ಗಂಟೆಗಳನ್ನು ಗೆದ್ದವರು ಅವನ್ನು ಕರಗಿಸದೆ, ಪರಧರ್ಮದ ಗುರುತುಗಳನ್ನು ಹೊತ್ತ ಹಾಗೆಯೇ ತೂಗುಹಾಕಿದರು. ಒಂದು ದೇವರಿಗಾಗಿ ಎರೆದ ನಾದ ಇನ್ನೊಂದು ದೇವರ ಮುಂದೆ ಅಖಂಡವಾಗಿ ಉಳಿಯಿತು.

ಎರಡನೆಯ ದಾರಿ ಬೆಸುಗೆ. ನಗರದಲ್ಲಿ ವೆಲ್ಡಿಂಗ್ ಅಂಗಡಿಗಳಿಗೆ ಕೊರತೆಯಿಲ್ಲದ ಕಾರಣ ಒಡೆದ ತಾಳವನ್ನು ಅಲ್ಲಿಗೆ ಒಯ್ಯುವುದು ಸಹಜ. ಹಿತ್ತಾಳೆಯ ಪಾತ್ರೆಗೋ ಕಬ್ಬಿಣದ ಸರಳಿಗೋ ಒಪ್ಪುವ ಈ ಉಪಾಯ ಕಂಚಿಗೆ ಒಪ್ಪುವುದಿಲ್ಲ. ಬಡಿದು ತಣಿಸಿದ ತೆಳುವಾದ ಝಾಂಜನ್ನು ಒಂದು ಕಡೆ ಮಾತ್ರ ಕೆಂಪಗೆ ಕಾಸಿ ನಿಧಾನವಾಗಿ ಆರಲು ಬಿಟ್ಟರೆ, ಮೇಲೆ ಹೇಳಿದ ಗಡುಸಾದ ಕಣಗಳು ಅಲ್ಲಿ ಹುಟ್ಟಿ, ಬೆಸುಗೆಯ ಪಕ್ಕದಲ್ಲಿಯೇ ಹೊಸ ಬಿರುಕು ತೋರುತ್ತದೆ. ಎರಕದ ದಪ್ಪ ತಾಳವಾದರೆ ಒಂದು ಭಾಗ ಬಿಸಿಯಾಗಿ ಮತ್ತೊಂದು ತಣ್ಣಗಿರುವ ಅಸಮ ತಾಪವೇ ಅದನ್ನು ಸೀಳಬಲ್ಲುದು. ಸೀಸ ತವರಗಳ ಮೆದು ಬೆಸುಗೆ ಕಡಮೆ ತಾಪದಲ್ಲಿ ಕರಗುವುದರಿಂದ ಲೋಹಕ್ಕೆ ಅಷ್ಟು ಹಾನಿ ಮಾಡದು, ನಿಜ. ಆದರೆ ಅದರ ಮೆತ್ತನೆಯ ತೇಪೆ ಕಂಪನವನ್ನು ನುಂಗಿಬಿಡುತ್ತದೆ, ಕೆಲದಿನಗಳಲ್ಲಿ ಕಿತ್ತೂ ಬರುತ್ತದೆ. ಅಂಟು ಹಾಕುವುದರ ಫಲವೂ ಇಷ್ಟೇ. ಬೆಸೆದ ತಾಳ ನೋಡಲು ಇಡಿಯಾಗಿರುತ್ತದೆ, ನುಡಿಯುವುದಿಲ್ಲ. ತಾಳವೆಂಬುದು ನೋಡುವ ವಸ್ತುವಲ್ಲವಾದುದರಿಂದ ಇದನ್ನು ದುರಸ್ತಿಯೆಂದು ಕರೆಯಲಾಗದು.

ಮೂರನೆಯ ದಾರಿ ಮೊದಲಿಗೆ ವಿಪರೀತವೆಂದು ತೋರುತ್ತದೆ. ಒಡೆದ ವಸ್ತುವಿಗೆ ಏನನ್ನೂ ಸೇರಿಸುವುದಿಲ್ಲ. ಅದರಿಂದ ಇನ್ನಷ್ಟು ಲೋಹವನ್ನು ತೆಗೆಯಲಾಗುತ್ತದೆ. ಬಿರುಕಿನ ಕೊನೆಯ ತುದಿಯನ್ನು ಹುಡುಕಿ, ಅದರಿಂದ ತುಸು ಮುಂದಕ್ಕೆ ಒಂದು ದುಂಡು ರಂಧ್ರವನ್ನು ಕೊರೆಯುವುದು ಇದರ ತತ್ತ್ವ. ಇದಕ್ಕೆ ತಡೆರಂಧ್ರವೆನ್ನಬಹುದು. ಇದರ ಕಾರಣವನ್ನು ಗಣಿತದಿಂದ ವಿವರಿಸಿದವನು ಇಂಗ್ಲೆಂಡಿನ ಇಂಗ್ಲಿಸ್. ತಗಡಿನಲ್ಲಿ ಒಂದು ರಂಧ್ರವಿದ್ದಾಗ ಅದರ ತುದಿ ಎಷ್ಟು ಚೂಪಾಗಿರುವುದೋ ಅಲ್ಲಿ ಎಳೆತ ಅಷ್ಟು ಹೆಚ್ಚಾಗಿ ಕೂಡುತ್ತದೆಂದು ಅವನು ೧೯೧೩ರಲ್ಲಿ ತೋರಿಸಿದನು. ೧೯೨೧ರಲ್ಲಿ ಪ್ರಕಟವಾದ ಗ್ರಿಫಿತನ ಪ್ರಬಂಧವು ಗಾಜಿನ ಪ್ರಯೋಗಗಳಿಂದ ಬಿರುಕು ಬೆಳೆಯುವ ನಿಯಮವನ್ನು ನಿರೂಪಿಸಿತು. ಬಿರುಕಿನ ತುದಿ ಸೂಜಿಗಿಂತ ಚೂಪು. ಆದುದರಿಂದ ಪ್ರತಿ ಪೆಟ್ಟಿನ ಬಲ ಅಲ್ಲಿಯೇ ನೆರೆಯುತ್ತದೆ. ಆ ಚೂಪನ್ನು ದುಂಡಗೆ ಮಾಡಿದರೆ ಬಲ ಹಂಚಿಹೋಗಿ ಬಿರುಕು ನಿಲ್ಲುತ್ತದೆ, ಇಲ್ಲವೆ ನಿಧಾನವಾಗುತ್ತದೆ.

ಶಾಸ್ತ್ರ ಹುಟ್ಟುವ ಮೊದಲೇ ಕಸುಬು ಇದನ್ನು ಬಲ್ಲುದಾಗಿತ್ತು. ಅದಕ್ಕೆ ಜಗತ್ಪ್ರಸಿದ್ಧವಾದ ನಿದರ್ಶನ ಅಮೆರಿಕದ ಫಿಲಡೆಲ್ಫಿಯಾ ನಗರದ ಲಿಬರ್ಟಿ ಗಂಟೆ. ೧೭೫೨ರಲ್ಲಿ ಲಂಡನ್ನಿನಿಂದ ಬಂದ ಈ ಗಂಟೆ ಪರೀಕ್ಷೆಯ ಪೆಟ್ಟಿಗೇ ಒಡೆಯಿತು. ಪಾಸ್ ಮತ್ತು ಸ್ಟೌ ಎಂಬ ಸ್ಥಳೀಯ ಎರಕದವರು ಅದನ್ನು ೧೭೫೩ರಲ್ಲಿ ಕರಗಿಸಿ ಎರೆದರು. ಒಡೆಯದಿರಲೆಂದು ಹೆಚ್ಚು ತಾಮ್ರ ಬೆರೆಸಿದುದರಿಂದ ಅದರ ನಾದ ಕೆಟ್ಟು, ಮತ್ತೊಮ್ಮೆ ಎರೆಯಬೇಕಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಪುನಃ ಸಣ್ಣಗೆ ಬಿರಿಯಿತು. ೧೮೪೬ರಲ್ಲಿ ಅದರ ತುಟಿಗಳು ಉಜ್ಜದಂತೆ ಬಿರುಕನ್ನು ಅಗಲಿಸಿ ದುರಸ್ತಿ ಮಾಡಿದರು. ಇಂದು ಯಾತ್ರಿಕರು ಬಿರುಕೆಂದು ನೋಡುವ ಅಗಲವಾದ ಸೀಳು ನಿಜವಾಗಿ ಬಿರುಕಲ್ಲ, ದುರಸ್ತಿಯ ಗುರುತು. ಗಂಟೆಯನ್ನು ಮೂಕಗೊಳಿಸಿದ್ದು ಅದೇ ವರ್ಷ ಅದರಾಚೆ ಹೊರಟ ಕೂದಲೆಳೆಯಂಥ ಎರಡನೆಯ ಬಿರುಕು. ಈ ಕಥೆಯಲ್ಲಿ ಎರಡು ಪಾಠಗಳಿವೆ. ಕರಗಿಸಿ ಎರೆಯುವುದು ನಾದಕ್ಕೆ ಭರವಸೆ ಕೊಡದು ಎಂಬುದು ಒಂದು. ಅಗಲಿಸಿದ ಬಿರುಕಿನ ತುದಿಯಾಚೆ ಮತ್ತೊಂದು ಬಿರುಕು ಅಡಗಿರಬಹುದು. ಹಾಗಾಗಿ ದುರಸ್ತಿಯಾದ ಕಂಚಿಗೆ ಪೂರ್ವದ ಕಠಿಣ ಸೇವೆಯನ್ನು ವಿಧಿಸಬಾರದು ಎಂಬುದು ಇನ್ನೊಂದು.

ಇದೇ ಉಪಾಯ ವಿಮಾನಗಳ ತಗಡಿನ ಮೈಗೂ ಸಲ್ಲುತ್ತದೆ. ೧೯೫೪ರಲ್ಲಿ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲಿಯೇ ಒಡೆದುಹೋದ ಮೇಲೆ, ಕಿಂಡಿಗಳ ಮೂಲೆಯಂಥ ಎಡೆಗಳಲ್ಲಿ ಹುಟ್ಟುವ ದಣಿವಿನ ಬಿರುಕಿನ ಭಯಂಕರತೆ ಲೋಕಕ್ಕೆ ಮನವರಿಕೆಯಾಯಿತು. ತಗಡಿನ ಸಣ್ಣ ಬಿರುಕಿನ ತುದಿಯಲ್ಲಿ ರಂಧ್ರ ಕೊರೆದು ಅದನ್ನು ತಡೆಯುವುದು ವಿಮಾನದ ಕುಶಲಿಗರ ಹಳೆಯ ಅಭ್ಯಾಸ. ಪಾರ್ಲೆಯ ಪಶ್ಚಿಮಕ್ಕೆ ೧೯೨೮ರಲ್ಲಿ ಆರಂಭವಾದ ಜುಹೂ ವಿಮಾನನಿಲ್ದಾಣವಿದೆ. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತು ಇಳಿದದ್ದು ಅಲ್ಲಿಯೇ. ಪೂರ್ವಕ್ಕೆ ಸಾಂತಾಕ್ರೂಜಿನ ದೊಡ್ಡ ನಿಲ್ದಾಣವಿದೆ. ಎರಡು ವಿಮಾನನಿಲ್ದಾಣಗಳ ನಡುವಿನ ಈ ಉಪನಗರದಲ್ಲಿ ಭಜನೆಯ ತಾಳಕ್ಕೂ ತಲೆಯ ಮೇಲೆ ಹಾರುವ ವಿಮಾನಕ್ಕೂ ಒಂದೇ ರೋಗ, ಒಂದೇ ಚಿಕಿತ್ಸೆ.

ಚ

ಿಕಿತ್ಸೆಯ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು. ಮೊದಲು ತಾಳವನ್ನು ಶುಚಿಗೊಳಿಸಿ, ಬಿರುಕಿನ ಮೇಲೆ ತೆಳುವಾದ ಎಣ್ಣೆ ಹಚ್ಚಿ ಒರೆಸಬೇಕು. ಒಳಗೆ ಇಳಿದ ಎಣ್ಣೆ ಮೆಲ್ಲಗೆ ಹೊರಸೂಸಿ ನಿಜವಾದ ತುದಿಯನ್ನು ತೋರಿಸುತ್ತದೆ. ಕಣ್ಣಿಗೆ ಕಂಡ ತುದಿಗೇ ತೃಪ್ತರಾದರೆ ರಂಧ್ರ ಬಿರುಕಿನ ಹಿಂದೆ ಬಿದ್ದು ಶ್ರಮ ವ್ಯರ್ಥವಾಗುತ್ತದೆ. ತಾಳದ ಅಡಿಗೆ ಮರದ ತುಂಡನ್ನು ಒತ್ತುಕೊಟ್ಟು, ಸುಮಾರು ಮೂರು ಮಿಲಿಮೀಟರಿನ ಬೈರಿಗೆಯಿಂದ, ಎಣ್ಣೆ ಬಿಡುತ್ತ, ಬಿಸಿಯಾಗದಂತೆ ನಿಧಾನವಾಗಿ ಕೊರೆಯಬೇಕು. ರಂಧ್ರದ ಅಂಚನ್ನು ನಯಗೊಳಿಸಬೇಕು. ಬೈರಿಗೆಯ ಗೀರೇ ಹೊಸ ಬಿರುಕಿಗೆ ಬೀಜವಾಗಬಲ್ಲುದು. ತುಟಿಗಳು ಇನ್ನೂ ಉಜ್ಜುತ್ತಿದ್ದರೆ ಸೀಳನ್ನು ತೆಳುವಾದ ಅರದಿಂದ ಕೂದಲೆಳೆಯಷ್ಟು ಅಗಲಿಸಬೇಕು. ಬಿರುಕು ಅಂಚಿನಲ್ಲಿ ಚಿಕ್ಕದಾಗಿದ್ದರೆ ಆ ಭಾಗವನ್ನೇ ಕಮಾನಿನ ಆಕಾರದಲ್ಲಿ ಅರದಿಂದ ತೆಗೆದುಬಿಡಬಹುದು. ಸುತ್ತಲೂ ಅಂಚನ್ನು ಸವೆಸಿ ತಾಳವನ್ನು ಕಿರಿದುಮಾಡುವುದೂ ಸಾಧ್ಯ. ಆದರೆ ಸುತ್ತು ಕಿರಿದಾದರೆ ಶ್ರುತಿ ಏರುತ್ತದೆಂಬುದನ್ನು ತಿಳಿದು, ಜೊತೆಯ ತಾಳದೊಡನೆ ಹೋಲಿಸಿಯೇ ಕೈಹಾಕಬೇಕು. ನಡುವಿನ ರಂಧ್ರ ತಿಂದುಹೋಗಿದ್ದರೆ ಅದನ್ನು ದುಂಡಗೆ ಸರಿಪಡಿಸಿ ಮತ್ತೆ ನೂಲಿನ ಹುರಿಯನ್ನೇ ಪೋಣಿಸಬೇಕು. ಬಿರುಕು ಗುಬುಟಿನ ಬುಡವನ್ನು ಸುತ್ತಿಕೊಂಡಿದ್ದರೆ ಮಾತ್ರ ಯಾವ ಉಪಾಯವೂ ಬಹುಕಾಲ ನಿಲ್ಲದು.

ಪಾಶ್ಚಾತ್ಯ ಸಿಂಬಲ್ಲಿನ ಮುಂಬಯಿಯ ಇತಿಹಾಸವೂ ಇದನ್ನೇ ಹೇಳುತ್ತದೆ. ತುರ್ಕಿಯ ಸೈನಿಕ ವಾದ್ಯಮೇಳದಿಂದ ಅದು ಯುರೋಪಿನ ವಾದ್ಯವೃಂದಕ್ಕೆ ಹೋಯಿತು. ೧೭೮೨ರ ಮೊಜಾರ್ಟನ ಸಂಗೀತನಾಟಕವೊಂದರಲ್ಲಿ ಅದರ ಸದ್ದು ಪ್ರಸಿದ್ಧವಾಗಿದೆ. ಪಲ್ಟನ್ನುಗಳ ಬ್ಯಾಂಡಿನೊಡನೆ ಭಾರತಕ್ಕೆ ಬಂದು, ೧೯೩೫ರಲ್ಲಿ ಲಿಯಾನ್ ಆಬಿಯ ಜಾಜ್ ಮೇಳ ತಾಜಮಹಲ್ ಹೊಟೇಲಿನಲ್ಲಿ ನುಡಿಸಿದ ಕಾಲಕ್ಕೆ ಅದು ನಗರದ ವಾದ್ಯವಾಗಿತ್ತು. ಅನಂತರ ಗೋವೆಯ ವಾದಕರ ಕೈಯಲ್ಲಿ ಅದು ಹಿಂದಿ ಚಿತ್ರಸಂಗೀತವನ್ನು ಸೇರಿತು. ೧೯೫೭ರ ವಿದೇಶೀ ವಿನಿಮಯದ ಮುಗ್ಗಟ್ಟಿನ ತರುವಾಯ ಆಮದಿನ ಬಿಗಿ ಹೆಚ್ಚಿತು. ೧೯೯೧ರ ಸುಧಾರಣೆಗಳ ಬಳಿಕವಷ್ಟೇ ಅದು ಕ್ರಮೇಣ ಸಡಿಲಾಯಿತು. ಆ ನಡುವಣ ದಶಕಗಳಲ್ಲಿ ಒಡೆದ ವಿದೇಶೀ ಸಿಂಬಲ್ಲಿಗೆ ಬದಲಿ ದೊರೆಯುವುದು ದುಸ್ತರ. ಅಂಚಿನಲ್ಲಿ ಕಚ್ಚು ತೆಗೆದ, ತಡೆರಂಧ್ರವುಳ್ಳ ಹಳೆಯ ಸಿಂಬಲ್‌ಗಳು ಲೋಕದಲ್ಲೆಲ್ಲ ವಾದಕರ ಬಳಿ ಕಾಣಸಿಗುತ್ತವೆ. ಅವರು ಅದನ್ನು ಅವಮಾನವೆಂದು ಎಣಿಸುವುದಿಲ್ಲ. ತಾಳದ ವಿಷಯದಲ್ಲಿಯೂ ಈ ಮನೋಭಾವ ಬರಬೇಕು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ರಂಧ್ರ ಬಿದ್ದ ತಾಳ ಭಿನ್ನವಲ್ಲವೆ, ದೇವರ ಮುಂದೆ ಸಲ್ಲುವುದೆ ಎಂಬುದು ಅದು. ದೇವಾಲಯದ ಕಲ್ಲು ಸಡಿಲಿದಾಗ ಅದನ್ನು ಕೆಡವಿ ಮಾರದೆ ಜೀರ್ಣೋದ್ಧಾರ ಮಾಡುವ ಸಂಪ್ರದಾಯವೇ ಇದಕ್ಕೆ ಉತ್ತರ. ನುಡಿಯಬಲ್ಲ ತಾಳವನ್ನು ಭಿನ್ನವೆಂದು ತ್ಯಜಿಸುವುದಕ್ಕಿಂತ, ಅದು ನುಡಿಯುವಷ್ಟು ಕಾಲ ನುಡಿಸುವುದು ಆ ಸಂಪ್ರದಾಯಕ್ಕೆ ಹತ್ತಿರವಾದುದು. ಸಪ್ತಾಹದ ಕಠಿಣ ಸೇವೆಗೆ ಹೊಸ ಜೊತೆ, ಮನೆಯ ಮಂಗಳಾರತಿಗೆ ಹಳೆಯ ಜೊತೆ ಎಂದು ಹಂಚಿಕೊಂಡರೆ ಎರಡೂ ಉಳಿಯುತ್ತವೆ.

ಆದರೆ ದುರಸ್ತಿಗಿಂತ ಮೊದಲು ಆಗಬೇಕಾದ ಕೆಲಸವೊಂದುಂಟು. ಊರು ಬಿಟ್ಟು ಬಂದ ತಲೆಮಾರು ತಂದ ತಾಳಗಳು ಇಂದು ಮೊಮ್ಮಕ್ಕಳ ಪಾಲಿಗೆ ಬಂದಿವೆ. ಹಳೆಯ ಕಟ್ಟಡಗಳು ಉರುಳಿ ಹೊಸ ಗಗನಚುಂಬಿಗಳು ಏಳುತ್ತಿರುವ ಪಾರ್ಲೆಯಂಥ ಉಪನಗರದಲ್ಲಿ, ಮನೆ ಖಾಲಿಮಾಡುವ ದಿನ ಒಡಕು ತಾಳ ಗುಜರಿಯವನ ತಕ್ಕಡಿಗೆ ಬೀಳುವುದು ಬಹು ಸುಲಭ. ಭಜನಾ ಮಂಡಳಿಗಳೂ ಯಕ್ಷಗಾನದ ಕೂಟಗಳೂ ಕನ್ನಡ ಸಂಘಗಳೂ ತಮ್ಮ ಸದಸ್ಯರ ಮನೆಗಳಲ್ಲಿರುವ ತಾಳ, ಜಾಗಟೆ, ಚಕ್ರತಾಳಗಳ ಒಂದು ಪಟ್ಟಿಯನ್ನು ಸಿದ್ಧಪಡಿಸುವುದು ಹೆಚ್ಚು ಖರ್ಚಿನ ಕೆಲಸವಲ್ಲ. ತೂಕ, ಅಗಲ, ಮೈಮೇಲಿನ ಬರಹ, ಬಂದ ಊರು, ಶ್ರುತಿ, ಬಿರುಕಿದ್ದರೆ ಅದರ ಉದ್ದ ಇಷ್ಟನ್ನು ಬರೆದಿಟ್ಟು, ನಾದವನ್ನು ಧ್ವನಿಮುದ್ರಿಸಿಕೊಂಡರೆ ಸಾಕು. ಮೊದಲು ದಾಖಲೆ, ಆಮೇಲೆ ಬೈರಿಗೆ, ಬೇರೆ ಗತಿಯೇ ಇಲ್ಲದಾಗ ಮಾತ್ರ ಮೂಸೆ ಎಂಬ ಕ್ರಮವನ್ನು ಪಾಲಿಸಿದರೆ ತಕ್ಕಡಿಗೆ ಸಿಗದ ಆಸ್ತಿ ಉಳಿಯುತ್ತದೆ. ಕಂಚಿಗೆ ತೂಕದ ಬೆಲೆ ಕಟ್ಟುವುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ನಾದದ ಬೆಲೆ ಕಟ್ಟುವ ಹೊಣೆ ಈಗಿನವರದು.